ಒಂದು ಬೇಸಿಗೆಯ ಮ್ಯಾನೇಜರ್: ಮೇರಿ ‘ಬಾನಿ’ ಬೇಕರ್ ಪ್ರಕರಣ

1950ರ ಬೇಸಿಗೆಯಲ್ಲಿ ಅಮೆರಿಕದ ಮಿಷಿಗನ್ ರಾಜ್ಯದ ಕಲಮಜೂ ಊರಿನ ಮಹಿಳಾ ಬೇಸ್‌ಬಾಲ್ ತಂಡಕ್ಕೆ ಮೇರಿ ಬೇಕರ್ ಎಂಬ ಕೆನಡಾದ ಆಟಗಾರ್ತಿ ಮ್ಯಾನೇಜರ್ ಆದರು. ತಾವೂ ಕಣಕ್ಕಿಳಿದು ಆಡುತ್ತಲೇ ತಂಡ ನಡೆಸಿದರು. ಆ ಲೀಗ್‌ನಲ್ಲಿ ಅಲ್ಲಿಯವರೆಗೆ ಪೂರ್ಣಾವಧಿಯ ಮ್ಯಾನೇಜರ್ ಆಗಿ ಕೂತ ಹೆಂಗಸು ಒಬ್ಬರೂ ಇರಲಿಲ್ಲ. ಮರುವರ್ಷದ ಹೊತ್ತಿಗೆ ಲೀಗ್ ಒಂದು ನಿಯಮ ಮಾಡಿತು: ಇನ್ನು ಮುಂದೆ ಯಾವ ತಂಡವೂ ಮಹಿಳೆಯನ್ನು ಮ್ಯಾನೇಜರ್ ಆಗಿ ನೇಮಿಸುವಂತಿಲ್ಲ. ಆಡುವವರೆಲ್ಲ ಹೆಣ್ಣುಮಕ್ಕಳೇ ಆಗಿದ್ದ, ಹೆಣ್ಣುಮಕ್ಕಳ ಹೆಸರಿನಲ್ಲೇ ಟಿಕೆಟ್ ಮಾರುತ್ತಿದ್ದ ಲೀಗ್ ಅದು.

ಬೇಸ್‌ಬಾಲ್‌ನಲ್ಲಿ ಮ್ಯಾನೇಜರ್ ಎಂದರೆ ಲೆಕ್ಕಪತ್ರ ನೋಡಿಕೊಳ್ಳುವವರಲ್ಲ. ಇವತ್ತು ಯಾರು ಆಡಬೇಕು, ಯಾವ ಕ್ರಮದಲ್ಲಿ ಬ್ಯಾಟಿಂಗ್‌ಗೆ ಹೋಗಬೇಕು, ತೋಳು ಸೋತ ಪಿಚರನ್ನು, ಅಂದರೆ ಚೆಂಡೆಸೆಯುವವಳನ್ನು, ಯಾವಾಗ ಹೊರಗೆ ಕೂರಿಸಬೇಕು, ಬೇಸ್ (ಓಟದ ನಡುವಿನ ತಂಗುದಾಣ) ಮೇಲೆ ನಿಂತವಳು ಮುಂದಿನ ಬೇಸ್ ಕದಿಯಲು, ಚೆಂಡಿಗೆ ಬ್ಯಾಟ್ ತಾಗುವುದನ್ನು ಕಾಯದೆ, ಯಾವ ಕ್ಷಣಕ್ಕೆ ಓಡಬೇಕು, ಎಲ್ಲದರ ತೀರ್ಮಾನ ಅವರದ್ದು. ಗೆದ್ದರೆ ಆಟಗಾರರ ಹೆಸರು, ಸೋತರೆ ಮ್ಯಾನೇಜರ್ ಕೆಲಸಕ್ಕೇ ಕುತ್ತು. ಅಂಥ ಕುರ್ಚಿಗೆ ಬೇಕರ್ ಹೇಗೆ ಬಂದರು, ಯಾಕೆ ಕೆಳಗಿಳಿಯಬೇಕಾಯಿತು, ಆಮೇಲೆ ಏನು ಮಾಡಿದರು ಎಂಬುದು ಈ ಪ್ರಕರಣ. ಅವರ ಬಗ್ಗೆ ಬರೆಯುವವರು ಮೊದಲೆರಡು ಪ್ರಶ್ನೆಗೆ ಪುಟಗಟ್ಟಲೆ ಕೊಟ್ಟು, ಮೂರನೆಯದನ್ನು ಒಂದು ಸಾಲಿನಲ್ಲಿ ಮುಗಿಸಿಬಿಡುತ್ತಾರೆ. ನನ್ನ ತಕರಾರು ಅಲ್ಲೇ ಇದೆ.

ರೆಜೈನಾದ ಅಂಗಡಿ ಹುಡುಗಿ

ಮೇರಿ ಜಾರ್ಜ್ ಹುಟ್ಟಿದ್ದು ಕೆನಡಾದ ಸಸ್ಕಾಚೆವಾನ್ ಪ್ರಾಂತ್ಯದ ರಾಜಧಾನಿ ರೆಜೈನಾದಲ್ಲಿ. ಕಣ್ಣು ಹಾಯಿಸಿದಷ್ಟು ದೂರ ಗೋಧಿ ಬೆಳೆಯುವ ಬಯಲು ಸೀಮೆ. ಬೇಸಿಗೆ ಗಿಡ್ಡ, ಚಳಿಗಾಲ ಉದ್ದ. ಜನವರಿಯಲ್ಲಿ ತಾಪಮಾನ ಸೊನ್ನೆಗಿಂತ 30 ಡಿಗ್ರಿ ಕೆಳಗಿಳಿಯುವುದು ಅಲ್ಲಿ ಸುದ್ದಿಯೇ ಅಲ್ಲ. ಹಾಗಾಗಿ ಆ ಕಡೆಯ ಹಳ್ಳಿ ಪಟ್ಟಣಗಳಲ್ಲಿ ಆಟಕ್ಕೂ ಎರಡು ಹಂಗಾಮು. ಹಿಮ ಕರಗಿದರೆ ಬೇಸ್‌ಬಾಲ್‌ನದೇ ಬಳಗದ ಸಾಫ್ಟ್‌ಬಾಲ್, ನೆಲ ಹೆಪ್ಪುಗಟ್ಟಿದರೆ ಹಾಕಿ ಮತ್ತು ಮಂಜಿನ ಮೇಲೆ ಕಲ್ಲು ಜಾರಿಸುವ ಕರ್ಲಿಂಗ್. ಒಂದೇ ಹುಡುಗಿ ಜುಲೈಯಲ್ಲಿ ಚೆಂಡು, ಜನವರಿಯಲ್ಲಿ ಕಲ್ಲು ಹಿಡಿಯುವುದು ಅಲ್ಲಿ ವಿಚಿತ್ರವಾಗಿರಲಿಲ್ಲ.

ಮೇರಿ ರೆಜೈನಾದ ‘ಆರ್ಮಿ ಅಂಡ್ ನೇವಿ’ ಎಂಬ ದೊಡ್ಡ ಅಂಗಡಿಯಲ್ಲಿ ಕೆಲಸಕ್ಕಿದ್ದರು, ಅದೇ ಅಂಗಡಿಯ ಹೆಸರಿನ ಸಾಫ್ಟ್‌ಬಾಲ್ ತಂಡದಲ್ಲಿ ಆಡುತ್ತಿದ್ದರು. ಮಾರಿಸ್ ಬೇಕರ್ ಎಂಬುವರನ್ನು ಮದುವೆಯಾದರು. ಎರಡನೇ ಮಹಾಯುದ್ಧ ಬಂದು ಗಂಡ ಸಮುದ್ರದಾಚೆ ಹೋದರು.

ಅದೇ ಯುದ್ಧ ಅಮೆರಿಕದಲ್ಲಿ ಇನ್ನೊಬ್ಬರ ನಿದ್ದೆ ಕೆಡಿಸಿತ್ತು. ಚ್ಯೂಯಿಂಗ್ ಗಮ್ ಉದ್ಯಮಿ, ಶಿಕಾಗೊ ಕಬ್ಸ್ ಬೇಸ್‌ಬಾಲ್ ತಂಡದ ಮಾಲೀಕ ಫಿಲಿಪ್ ರಿಗ್ಲಿ. ಗಂಡಸರೆಲ್ಲ ಸೈನ್ಯಕ್ಕೆ ಹೊರಟರೆ ಕ್ರೀಡಾಂಗಣಕ್ಕೆ ಜನರನ್ನು ಹೇಗೆ ತರುವುದು? 1943ರಲ್ಲಿ ಅವರು ಮಹಿಳೆಯರ ವೃತ್ತಿಪರ ಲೀಗ್ ಒಂದನ್ನು ಆರಂಭಿಸಿದರು. ಮುಂದೆ ಅದು ಆಲ್ ಅಮೆರಿಕನ್ ಗರ್ಲ್ಸ್ ಪ್ರೊಫೆಷನಲ್ ಬೇಸ್‌ಬಾಲ್ ಲೀಗ್ ಎಂಬ ಹೆಸರಿನಿಂದ ಪ್ರಸಿದ್ಧವಾಯಿತು. ಮೊದಲ ವರ್ಷ ನಾಲ್ಕು ತಂಡ: ಕೆನೋಶಾ, ರಸೀನ್, ರಾಕ್‌ಫರ್ಡ್, ಸೌತ್ ಬೆಂಡ್. ಆಟಗಾರ್ತಿಯರನ್ನು ಹುಡುಕಲು ಹೊರಟವರು ಗಡಿ ದಾಟಿ ಕೆನಡಾಕ್ಕೂ ಬಂದರು. ಈ ಹುಡುಕಾಟದಲ್ಲಿ ಕೈಜೋಡಿಸಿದ ಐಸ್ ಹಾಕಿಯ ತಾರೆ ಜಾನಿ ಗಾಟ್ಸೆಲಿಗ್ ರೆಜೈನಾದಲ್ಲಿ ಬೆಳೆದವರು. ಆ ಬಯಲಿನ ಹುಡುಗಿಯರ ತೋಳಿನ ಬಲ ಅವರಿಗೆ ಹೊಸದಲ್ಲ. ಕೆನಡಾದಿಂದ ಲೀಗ್ ಸೇರಿದ ಅರವತ್ತಕ್ಕೂ ಹೆಚ್ಚು ಮಂದಿಯಲ್ಲಿ ದೊಡ್ಡ ಪಾಲು ಸಸ್ಕಾಚೆವಾನ್ ಒಂದೇ ಪ್ರಾಂತ್ಯದ್ದು. ವಾರಕ್ಕೆ 45ರಿಂದ 85 ಡಾಲರ್ ಸಂಬಳ. ಅಂಗಡಿ ಕೌಂಟರಿನ ಹಿಂದೆ ನಿಂತವರಿಗೆ ಆ ಕಾಲಕ್ಕೆ ಅದು ಕನಸಿನ ಮಾತು.

ಬೇಕರ್ ಸೌತ್ ಬೆಂಡ್ ಬ್ಲೂ ಸಾಕ್ಸ್ ತಂಡಕ್ಕೆ ಸೇರಿದರು. ಜಾಗ: ಕ್ಯಾಚರ್.

ಲಿಪ್‌ಸ್ಟಿಕ್ ಮತ್ತು ಮುಖಗವಸು

ಈ ಪ್ರಕರಣ ಅರ್ಥವಾಗಬೇಕಾದರೆ ಲೀಗ್ ಏನನ್ನು ಮಾರುತ್ತಿತ್ತು ಎಂದು ನೋಡಬೇಕು. ಗಂಡಸರಂತೆ ಆಡುವ, ಆದರೆ ಗಂಡಸರಂತೆ ಕಾಣಲೇಬಾರದ ಹೆಣ್ಣುಗಳು, ಅದೇ ಸರಕು. ಸಮವಸ್ತ್ರ ಎಂದರೆ ಮಂಡಿಗಿಂತ ಮೇಲೆ ನಿಲ್ಲುವ ಸ್ಕರ್ಟು. ಅದನ್ನೇ ತೊಟ್ಟು ಮಣ್ಣಿನ ಮೇಲೆ ಜಾರಿ ಬೇಸ್ ಮುಟ್ಟಬೇಕು. ತೊಡೆಯ ಚರ್ಮ ಕಿತ್ತುಬರುತ್ತಿತ್ತು, ಗಾಯ ಒಣಗುವ ಮುಂಚೆ ಮರುದಿನದ ಪಂದ್ಯ. ಸಾರ್ವಜನಿಕವಾಗಿ ಪ್ಯಾಂಟ್ ತೊಡುವಂತಿಲ್ಲ, ಸೇದುವಂತಿಲ್ಲ, ಕುಡಿಯುವಂತಿಲ್ಲ, ಕೂದಲು ಗಿಡ್ಡ ಮಾಡುವಂತಿಲ್ಲ, ಲಿಪ್‌ಸ್ಟಿಕ್ ಮರೆಯುವಂತಿಲ್ಲ. ನಡೆಯುವುದು, ಕೂರುವುದು, ಮಾತಾಡುವುದು ಕಲಿಸಲು ಹೆಲೆನಾ ರೂಬಿನ್‌ಸ್ಟೈನ್ ಸೌಂದರ್ಯ ಸಂಸ್ಥೆಯವರಿಂದ ಪಾಠ. ಪ್ರತಿ ತಂಡಕ್ಕೂ ಒಬ್ಬ ಮೇಲ್ವಿಚಾರಕಿ. ಹುಡುಗಿಯರು ಎಲ್ಲಿ ಉಳಿದರು, ಯಾರ ಜೊತೆ ಊಟಕ್ಕೆ ಹೋದರು, ಎಷ್ಟು ಹೊತ್ತಿಗೆ ಮಲಗಿದರು ಎಂದು ನೋಡುವ ಹೆಂಗಸು.

ಇಲ್ಲಿ ಒಂದು ಗೆರೆ ಕಾಣುತ್ತದೆ. ಹೋಟೆಲಿನಲ್ಲಿ, ಬಸ್ಸಿನಲ್ಲಿ ಹುಡುಗಿಯರ ಮೇಲಿನ ಅಧಿಕಾರ ಹೆಂಗಸಿನದು. ಮೈದಾನದಲ್ಲಿ ಅಧಿಕಾರ ಗಂಡಸಿನದು, ಅದರಲ್ಲೂ ಒಂದು ಕಾಲಕ್ಕೆ ಮೇಜರ್ ಲೀಗ್‌ನಲ್ಲಿ, ಅಂದರೆ ಗಂಡಸರ ಅತಿ ದೊಡ್ಡ ವೃತ್ತಿಪರ ಬೇಸ್‌ಬಾಲ್‌ನಲ್ಲಿ, ಹೆಸರು ಮಾಡಿದ ಗಂಡಸಿನದು. ವಿನಿಪೆಗ್‌ನ ಡಾಟಿ ಹಂಟರ್ 1943ರಲ್ಲಿ ಒಂದು ವರ್ಷ ಆಡಿ, ಮರುವರ್ಷದಿಂದ ಮೇಲ್ವಿಚಾರಕಿಯಾಗಿ 1954ರಲ್ಲಿ ಲೀಗ್ ಮುಚ್ಚುವವರೆಗೂ ಅದೇ ಕೆಲಸದಲ್ಲಿದ್ದರು. ಹನ್ನೊಂದು ವರ್ಷ ಯಾರೂ ಆಕ್ಷೇಪ ಎತ್ತಲಿಲ್ಲ. ಶಿಸ್ತು ಕಾಯುವ ಹೆಂಗಸು ಲೀಗ್‌ಗೆ ಒಪ್ಪಿಗೆ. ಆಟ ತೀರ್ಮಾನಿಸುವ ಹೆಂಗಸು ಅಲ್ಲ.

ಬೇಕರ್ ಈ ಸರಕಿಗೆ ಹೇಳಿ ಮಾಡಿಸಿದಂತಿದ್ದರು. ನೋಡಲು ಚೆನ್ನಾಗಿದ್ದರು, ಮಾತು ನಯ, ನಗು ಮುಖ. ಪತ್ರಿಕೆಗಳು ‘ಪ್ರೆಟಿ ಬಾನಿ ಬೇಕರ್’ ಎಂದೇ ಬರೆದವು. 1945ರಲ್ಲಿ ಲೈಫ್ ಪತ್ರಿಕೆ ಲೀಗ್ ಬಗ್ಗೆ ಚಿತ್ರ ಲೇಖನ ಮಾಡಿದಾಗ ಅದರಲ್ಲಿ ಬೇಕರ್ ಇದ್ದರು. ಪ್ರಚಾರಕ್ಕೆ ಎಲ್ಲಿ ಮುಖ ಬೇಕೋ ಅಲ್ಲಿ ಅವರು.

ಆದರೆ ಪಂದ್ಯ ಶುರುವಾದರೆ ಆ ಮುಖ ತಂತಿಯ ಮುಖಗವಸಿನ ಹಿಂದೆ. ಕ್ಯಾಚರ್ ಕೂರುವುದು ಬ್ಯಾಟ್ ಹಿಡಿದವಳ ಬೆನ್ನ ಹಿಂದೆ, ಕುಕ್ಕರುಗಾಲಲ್ಲಿ. ಪಂದ್ಯವೊಂದಕ್ಕೆ ನೂರಕ್ಕೂ ಹೆಚ್ಚು ಸಲ ಏಳಬೇಕು, ಕೂರಬೇಕು. ಬ್ಯಾಟಿನ ಅಂಚಿಗೆ ತಾಗಿ ಸಿಡಿಯುವ ಚೆಂಡು ಬೆರಳನ್ನೂ ಹೆಗಲನ್ನೂ ನೋಡುವುದಿಲ್ಲ. ಫೀಲ್ಡಿಂಗ್ ತಂಡದ ಉಳಿದ ಎಂಟು ಮಂದಿ ಬ್ಯಾಟಿನ ಕಡೆ ಮುಖ ಮಾಡಿ ನಿಂತಿದ್ದರೆ, ಅವರೆಲ್ಲರ ಕಡೆ ಮುಖ ಮಾಡಿರುವವಳು ಕ್ಯಾಚರ್ ಒಬ್ಬಳೇ. ಪಿಚರ್‌ಗೆ ಯಾವ ಎಸೆತ ಎಂದು ತೊಡೆಯ ನಡುವೆ ಬೆರಳಲ್ಲಿ ಸನ್ನೆ ಮಾಡುವವಳು, ದೂರದಲ್ಲಿ ನಿಂತ ಫೀಲ್ಡರ್‌ಗಳನ್ನು ನಾಲ್ಕು ಹೆಜ್ಜೆ ಎಡಕ್ಕೆ ಸರಿಸುವವಳು, ಎದುರಾಳಿ ಬೇಸ್ ಕದಿಯಲು ಹೊರಟದ್ದನ್ನು ಮೊದಲು ನೋಡುವವಳು ಅವಳೇ. ಸೌತ್ ಬೆಂಡ್‌ನಲ್ಲಿ ಏಳು ಸೀಸನ್ ಇದನ್ನು ಮಾಡಿದವರಿಗೆ ಮ್ಯಾನೇಜರ್ ಕೆಲಸ ಬೇರೆ ವಿದ್ಯೆಯಲ್ಲ. ಇಂದಿಗೂ ಬೇಸ್‌ಬಾಲ್ ಮ್ಯಾನೇಜರ್‌ಗಳಲ್ಲಿ ಹಳೆಯ ಕ್ಯಾಚರ್‌ಗಳು ಬಹಳ.

ಇನ್ನೊಂದು ಮಾತು. ಕ್ಯಾಚರ್‌ಗಳು ಸಾಮಾನ್ಯವಾಗಿ ನಿಧಾನ, ಮಂಡಿ ಸವೆದಿರುತ್ತದೆ. ಬೇಕರ್ ಹಾಗಲ್ಲ. ತಮ್ಮ ಆಟದ ಬದುಕಿನಲ್ಲಿ ಐನೂರಕ್ಕೂ ಹೆಚ್ಚು ಬೇಸ್ ಕದ್ದವರು.

1950

ಲೀಗ್‌ಗೆ ಅತಿ ಹೆಚ್ಚು ಜನ ಬಂದದ್ದು 1948ರಲ್ಲಿ, ಒಂಬತ್ತು ಲಕ್ಷಕ್ಕೂ ಮೇಲೆ. ಅಲ್ಲಿಂದಾಚೆ ಇಳಿಮುಖ. ಯುದ್ಧ ಮುಗಿದಿತ್ತು, ಗಂಡಸರ ಆಟ ಮರಳಿತ್ತು, ಮನೆಮನೆಗೆ ಟೆಲಿವಿಷನ್ ಬರುತ್ತಿತ್ತು. ಮಿಷಿಗನ್ ಸರೋವರದ ದಂಡೆಯ ಮಸ್ಕೀಗನ್ ತಂಡ 1947ರಲ್ಲಿ ಲೀಗ್ ಪಟ್ಟಿಯಲ್ಲಿ ಮೊದಲ ಸ್ಥಾನ ಪಡೆದದ್ದು. ಮೂರೇ ವರ್ಷಕ್ಕೆ ಅದಕ್ಕೆ ಉಸಿರು ಕಟ್ಟಿತು. 1950ರ ಸೀಸನ್ ನಡುವೆಯೇ, ಜೂನ್‌ನಲ್ಲಿ, ಇಡೀ ತಂಡವನ್ನು ಎತ್ತಿ ಕಲಮಜೂಗೆ ಸಾಗಿಸಿದರು. ಲೀಗ್‌ನಲ್ಲಿ ಒಂದು ಪದ್ಧತಿ ಇತ್ತು: ತಂಡಗಳ ನಡುವೆ ಬಲ ಸಮವಾಗಿರಲೆಂದು ಕೇಂದ್ರದವರೇ ಆಟಗಾರ್ತಿಯರನ್ನು ಅಲ್ಲಿಂದಿಲ್ಲಿಗೆ ಹಂಚುತ್ತಿದ್ದರು. ಆ ದಾರಿಯಲ್ಲೇ ಸೌತ್ ಬೆಂಡ್‌ನ ಬೇಕರ್ ಕಲಮಜೂಗೆ ಹೋದರು. ಈ ಸಲ ಆಟಗಾರ್ತಿಯಾಗಿ ಮಾತ್ರವಲ್ಲ.

ಯಾವ ಸ್ಥಿತಿಯ ತಂಡ ಕೈಗೆ ಬಂತು ಎಂದು ನೋಡಿ. ಊರು ಬದಲಾಗಿದೆ, ಹೊಸ ಊರಿನ ಜನರಿಗೆ ಆಟಗಾರ್ತಿಯರ ಪರಿಚಯವಿಲ್ಲ, ಹಣವಿಲ್ಲ, ಸೋಲು ಆಗಲೇ ಕೂಡಿಬಿದ್ದಿದೆ. ಎಲ್ಲವೂ ಚೆನ್ನಾಗಿದ್ದಾಗ ಆ ಕುರ್ಚಿ ಹೆಂಗಸಿಗೆ ಸಿಕ್ಕಿರಲಿಲ್ಲ; ತಂಡ ನೀರಿಗೆ ಬಿದ್ದ ಮೇಲೆ ಸಿಕ್ಕಿತು. ಜೊತೆಗೆ ನಿನ್ನೆಯವರೆಗೆ ಎದುರಾಳಿಗಳಾಗಿದ್ದವರಿಗೆ ಇವತ್ತಿನಿಂದ ಬಾಸ್. ಪಂದ್ಯದ ಕೊನೆಯ ಗಳಿಗೆಯಲ್ಲಿ ತನ್ನ ವಯಸ್ಸಿನವಳನ್ನೇ ಹೊರಗೆ ಕೂರಿಸಬೇಕು, ರಾತ್ರಿ ಅದೇ ಬಸ್ಸಿನಲ್ಲಿ ಅವಳ ಪಕ್ಕ ಕೂತು ಮುಂದಿನ ಊರಿಗೆ ಹೋಗಬೇಕು.

ಆ ವರ್ಷ ಮಸ್ಕೀಗನ್-ಕಲಮಜೂ ತಂಡದ ಒಟ್ಟು ಲೆಕ್ಕ 36 ಗೆಲುವು, 73 ಸೋಲು. ಎಂಟು ತಂಡಗಳಲ್ಲಿ ಕೊನೆಯ ಸ್ಥಾನ. ಅಂಕಿ ಇಷ್ಟೇ ನೋಡಿದರೆ ‘ಹೆಂಗಸು ನಡೆಸಿದಳು, ತಂಡ ತಳ ಕಂಡಿತು’ ಎನ್ನುವುದು ಸುಲಭ. ಆದರೆ ಆ 73 ಸೋಲಿನಲ್ಲಿ ಬೇಕರ್ ಬರುವ ಮುಂಚಿನ ವಾರಗಳೂ ಸೇರಿವೆ. ಮರುವರ್ಷ ಗಂಡಸು ಮ್ಯಾನೇಜರ್ ಬಂದ ಮೇಲೂ ಕಲಮಜೂ ಪಟ್ಟಿಯ ತಳಭಾಗದಲ್ಲೇ ಉಳಿಯಿತು. ಅದೇ ತಂಡ 1954ರಲ್ಲಿ, ಲೀಗ್‌ನ ಕೊನೆಯ ವರ್ಷ, ಮಿಚ್ ಸ್ಕೂಪಿಯನ್ ಕೈಕೆಳಗೆ ಚಾಂಪಿಯನ್ ಆಯಿತು. ತಳದಿಂದ ಮೇಲೇಳಲು ತಂಡಕ್ಕೆ ನಾಲ್ಕು ವರ್ಷ ಹಿಡಿಯಿತು. ಬೇಕರ್‌ಗೆ ಸಿಕ್ಕಿದ್ದು ಒಂದು ಸೀಸನ್ನಿನ ಚೂರು.

ನಿಯಮ ಯಾಕೆ ಬಂತು?

ಸೋತರು, ಆದ್ದರಿಂದ ತೆಗೆದರು ಎನ್ನುವುದು ಇಲ್ಲಿ ನಿಲ್ಲುವುದಿಲ್ಲ. ಸೋತ ಮ್ಯಾನೇಜರನ್ನು ತೆಗೆಯಲು ನಿಯಮ ಬೇಕಿಲ್ಲ. ಪತ್ರ ಒಂದು ಸಾಕು. ಆ ಲೀಗ್‌ನಲ್ಲಿ ಸೋತ ಗಂಡಸು ಮ್ಯಾನೇಜರ್‌ಗಳು ಬೇಕಾದಷ್ಟು ಮಂದಿ. ಅವರು ಸೋತರೆಂದು ಗಂಡಸರೇ ಬೇಡ ಎಂದು ಯಾರೂ ಠರಾವು ಮಾಡಲಿಲ್ಲ. ಒಬ್ಬರನ್ನು ಬಿಡುವ ಬದಲು ಒಂದು ವರ್ಗಕ್ಕೇ ಬಾಗಿಲು ಹಾಕಿದರೆಂದರೆ, ಸಮಸ್ಯೆ ಫಲಿತಾಂಶದ್ದಲ್ಲ.

ಮಾಲೀಕರ ಕಡೆಯಿಂದಲೂ ಯೋಚಿಸೋಣ. ಜನ ಕಡಿಮೆಯಾಗುತ್ತಿದ್ದಾಗ ಪೋಸ್ಟರಿನ ಮೇಲೆ ಹಳೆಯ ಮೇಜರ್ ಲೀಗ್ ತಾರೆಯ ಹೆಸರಿದ್ದರೆ ನಾಲ್ಕು ಟಿಕೆಟ್ ಹೆಚ್ಚು ಹೋಗಬಹುದೆಂಬ ಲೆಕ್ಕ ಇರಬಹುದು. 1952ರಲ್ಲಿ ಫೋರ್ಟ್ ವೇನ್ ತಂಡ ಜಿಮ್ಮಿ ಫಾಕ್ಸ್ ಅವರನ್ನು ತಂದದ್ದು ಹಾಗೆಯೇ. ಆದರೆ ಎಲ್ಲ ತಂಡಕ್ಕೂ ಫಾಕ್ಸ್ ಸಿಗಲಿಲ್ಲ. ಆಮೇಲೆ ಬಂದ ಎಷ್ಟೋ ಗಂಡಸು ಮ್ಯಾನೇಜರ್‌ಗಳಿಗಿಂತ ಬಾನಿ ಬೇಕರ್ ಹೆಸರೇ ಆ ಊರುಗಳಲ್ಲಿ ದೊಡ್ಡದಿತ್ತು. ಟಿಕೆಟ್ ಲೆಕ್ಕದಲ್ಲೂ ನಿಯಮಕ್ಕೆ ಅರ್ಥವಿಲ್ಲ.

ನನಗೆ ಕಾಣುವುದು ಇದು. ರಿಗ್ಲಿ ಕಟ್ಟಿದ ಚಿತ್ರದಲ್ಲಿ ಹುಡುಗಿ ಆಡುತ್ತಾಳೆ, ಗಂಡಸು ಆಡಿಸುತ್ತಾನೆ. ಹುಡುಗಿ ಚೆನ್ನಾಗಿ ಆಡಿದಷ್ಟೂ ಚಿತ್ರ ಚೆಂದ. ಆದರೆ ಅವಳೇ ಆಡಿಸಲು ನಿಂತರೆ, ಬೆಂಚಿನ ಮೇಲೆ ಕೂತ ಗಂಡಸಿಗೆ ಏನು ಕೆಲಸ ಎಂದು ಜನ ಕೇಳಬಹುದು. ಬೇಕರ್ ಚೆನ್ನಾಗಿ ನಡೆಸಿದ್ದರೆ ಆ ಪ್ರಶ್ನೆ ಇನ್ನೂ ಜೋರಾಗುತ್ತಿತ್ತು. ಎಂಟು ವರ್ಷ ಅವರ ಮುಖವನ್ನು ಮಾರಿಕೊಂಡವರಿಗೆ ಅವರ ತಲೆ ಬೇಡವಾಯಿತು.

1951ರ ಸೀಸನ್ ಬೇಕರ್ ಆಡಲಿಲ್ಲ, ತಾಯಿಯಾಗಿದ್ದರು. 1952ರಲ್ಲಿ ಮತ್ತೆ ಕಲಮಜೂಗೆ ಬಂದರು, ಆಟಗಾರ್ತಿಯಾಗಿ ಮಾತ್ರ. ಅದೇ ವರ್ಷ ‘ವಾಟ್ಸ್ ಮೈ ಲೈನ್?’ ಎಂಬ ಟೆಲಿವಿಷನ್ ಕಾರ್ಯಕ್ರಮಕ್ಕೆ ಅತಿಥಿಯಾಗಿ ಹೋದರು. ಬಂದವರ ಉದ್ಯೋಗ ಏನೆಂದು ಗಣ್ಯರು ಪ್ರಶ್ನೆ ಕೇಳಿ ಊಹಿಸಬೇಕಾದ ಆಟ ಅದು. ಆ ಕುರ್ಚಿಗೆ ಅವರನ್ನು ಕರೆದದ್ದೇ ಬೇಸ್‌ಬಾಲ್ ಆಡಿ ಹೊಟ್ಟೆ ಹೊರೆಯುವ ಹೆಂಗಸು ಒಬ್ಬಳಿದ್ದಾಳೆಂದು ಯಾರೂ ಊಹಿಸಲಾರರು ಎಂಬ ಧೈರ್ಯದಿಂದ. ಆ ಸೀಸನ್ನಿಗೆ ಬೇಕರ್ ಲೀಗ್ ಬಿಟ್ಟರು. ಎರಡು ವರ್ಷಕ್ಕೆ ಲೀಗೂ ಮುಚ್ಚಿತು.

ಮೇಜರ್ ಲೀಗ್ ಸಂಸ್ಥೆಗಳಿಗೆ ಸೇರಿದ ಕೆಳಹಂತದ ತಂಡವೊಂದಕ್ಕೆ ಮಹಿಳೆಯೊಬ್ಬರು ಮೊದಲ ಸಲ ಮ್ಯಾನೇಜರ್ ಆದದ್ದು 2022ರಲ್ಲಿ: ನ್ಯೂಯಾರ್ಕ್ ಯಾಂಕೀಸ್‌ನ ಟ್ಯಾಂಪಾ ತಂಡಕ್ಕೆ ರೇಚಲ್ ಬಾಲ್ಕೊವೆಕ್. ಬೇಕರ್ ನಂತರ 72 ವರ್ಷ.

ಮಂಜುಗಡ್ಡೆಯ ಮೇಲೆ

ರೆಜೈನಾಕ್ಕೆ ಮರಳಿದ ಬೇಕರ್ 1960ರ ದಶಕದ ನಡುವೆ ಅಲ್ಲಿನ ಸಿಕೆಆರ್‌ಎಂ ರೇಡಿಯೊದಲ್ಲಿ ಕ್ರೀಡಾ ಸುದ್ದಿ ಓದಿದರು. ಕೆನಡಾದಲ್ಲಿ ಆ ಕೆಲಸ ಮಾಡಿದ ಮೊದಲ ಮಹಿಳೆ ಎಂದು ಅವರನ್ನು ಗುರುತಿಸುತ್ತಾರೆ. ಅದು ಸ್ವಲ್ಪ ಕಾಲ. ಇನ್ನೊಂದು ಕೆಲಸ ಮಾತ್ರ 25 ವರ್ಷ ನಡೆಯಿತು: ರೆಜೈನಾದ ವೀಟ್ ಸಿಟಿ ಕರ್ಲಿಂಗ್ ಕ್ಲಬ್ಬಿನ ಮ್ಯಾನೇಜರ್. ಅವರ ಬಗೆಗಿನ ಬರಹಗಳಲ್ಲಿ ಒಂದೇ ಸಾಲಿನಲ್ಲಿ ಮುಗಿಯುವುದು ಇದೇ.

ಕರ್ಲಿಂಗ್ ನೋಡದವರಿಗೆ ಮಂಜುಗಡ್ಡೆಯ ಮೇಲಿನ ಕೇರಂ ಎಂದರೆ ಅರ್ಧ ಅರ್ಥವಾದಂತೆ. ಸುಮಾರು 45 ಮೀಟರ್ ಉದ್ದದ ಕಿರಿದಾದ ಮಂಜಿನ ಹಾದಿ, ಆ ತುದಿಯಲ್ಲಿ ಒಂದರೊಳಗೊಂದು ಬಣ್ಣದ ವೃತ್ತಗಳು. ಹಿಡಿಕೆ ಜೋಡಿಸಿದ ಗ್ರಾನೈಟ್ ಕಲ್ಲನ್ನು, ಹತ್ತಿರ ಹತ್ತಿರ 20 ಕಿಲೊ ತೂಕ, ಈ ತುದಿಯಿಂದ ಮೆಲ್ಲಗೆ ತಿರುವು ಕೊಟ್ಟು ಜಾರಿಬಿಡಬೇಕು. ತಂಡಕ್ಕೆ ನಾಲ್ವರು, ತಲಾ ಎರಡು ಕಲ್ಲು. ವೃತ್ತದ ನಡುವಿಗೆ ಯಾರ ಕಲ್ಲು ಹತ್ತಿರವೋ ಅವರಿಗೆ ಅಂಕ. ಎದುರಾಳಿಯ ಕಲ್ಲನ್ನು ಹೊಡೆದು ಹೊರಗಟ್ಟಬಹುದು, ತಮ್ಮದಕ್ಕೆ ಕಾವಲು ನಿಲ್ಲಿಸಬಹುದು. ಕಲ್ಲು ಜಾರುತ್ತಿರುವಾಗ ಇಬ್ಬರು ಅದರ ಮುಂದೆ ಪೊರಕೆಯಿಂದ ಮಂಜನ್ನು ಉಜ್ಜುತ್ತ ಓಡುತ್ತಾರೆ. ಉಜ್ಜಿದಷ್ಟೂ ಕಲ್ಲು ದೂರ ಹೋಗುತ್ತದೆ, ಬಾಗುವುದು ಕಡಿಮೆಯಾಗುತ್ತದೆ.

ಆ ಮಂಜು ನುಣುಪಾಗಿದ್ದರೆ ಆಟವೇ ನಡೆಯುವುದಿಲ್ಲ. ಪಂದ್ಯಕ್ಕೆ ಮುಂಚೆ ಒಬ್ಬರು ಬೆನ್ನಿಗೆ ನೀರಿನ ಡಬ್ಬ ಕಟ್ಟಿಕೊಂಡು, ಸಣ್ಣ ತೂತಿನ ಮೂತಿಯನ್ನು ಎಡಕ್ಕೂ ಬಲಕ್ಕೂ ಬೀಸುತ್ತ ಹಿಂದೆ ಹಿಂದೆ ನಡೆಯುತ್ತಾರೆ. ಬಿದ್ದ ಬಿಸಿನೀರಿನ ಹನಿಗಳು ಬಿದ್ದಲ್ಲೇ ಹೆಪ್ಪುಗಟ್ಟಿ ಸಣ್ಣ ಗುಬುಟುಗಳಾಗುತ್ತವೆ. ಕಲ್ಲಿನ ತಳ ಗುಳಿಬಿದ್ದಿರುತ್ತದೆ. ಅದರ ಬಳೆಯಂಥ ಅಂಚು ಮಾತ್ರ ಈ ಗುಬುಟುಗಳ ತಲೆ ಮುಟ್ಟಿಕೊಂಡು ಸಾಗುತ್ತದೆ. ಹನಿ ದಪ್ಪವಾದರೆ, ನಡಿಗೆ ಒಂದೇ ಸಮ ಇಲ್ಲದಿದ್ದರೆ, ಒಂದು ಹಾದಿಯ ಮಂಜು ಪಕ್ಕದ್ದಕ್ಕಿಂತ ನಿಧಾನವಾದರೆ ಸಂಜೆಯ ಎಲ್ಲ ದೂರುಗಳೂ ಕ್ಲಬ್ಬಿನ ಮ್ಯಾನೇಜರ್ ಬಾಗಿಲಿಗೆ. ಯಾವ ತಂಡಕ್ಕೆ ಯಾವ ಹಾದಿ, ಯಾವ ಗಂಟೆ ಎಂಬ ಪಟ್ಟಿ, ಸೋಮವಾರದ ಲೀಗ್, ಶಾಲಾ ಮಕ್ಕಳ ಲೀಗ್, ವಾರಾಂತ್ಯ ಪೂರ್ತಿ ನಡೆಯುವ ಬಾನ್‌ಸ್ಪೀಲ್ ಪಂದ್ಯಾವಳಿ, ಅಡುಗೆಮನೆ, ಬಾರ್, ಚಂದಾ ಬಾಕಿ. ಚಳಿಗಾಲದ ಐದಾರು ತಿಂಗಳು ಆ ಕಡೆಯ ಸಮಾಜ ಬದುಕುವುದೇ ಕರ್ಲಿಂಗ್ ಕಟ್ಟಡದ ಗಾಜಿನ ಹಿಂದೆ. ಬೇಕರ್ ಕಾಲದ ರೆಜೈನಾ ಸಾಮಾನ್ಯ ಊರೂ ಅಲ್ಲ. ಅಲ್ಲಿನ ಅರ್ನಿ ರಿಚರ್ಡ್‌ಸನ್ ತಂಡ 1959ರಿಂದ 1963ರೊಳಗೆ ನಾಲ್ಕು ಸಲ ಕೆನಡಾದ ಪುರುಷರ ಚಾಂಪಿಯನ್ ಆಗಿತ್ತು; ಕರ್ಲಿಂಗ್ ಹುಚ್ಚು ಏರಿದ್ದ ಊರು.

ಈಗ ಎರಡು ಆಟಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಕರ್ಲಿಂಗ್‌ನಲ್ಲಿ ಬೆಂಚಿನ ಮೇಲೆ ಕೂತು ಆಡಿಸುವ ಮ್ಯಾನೇಜರ್ ಎಂಬುವರೇ ಇಲ್ಲ. ತಂಡದ ನಾಲ್ವರಲ್ಲಿ ಒಬ್ಬರು ಸ್ಕಿಪ್. ಆಚೆ ತುದಿಯಲ್ಲಿ ನಿಂತು ಪೊರಕೆ ತೋರಿಸಿ ಎಲ್ಲಿಗೆ ಬಿಡಬೇಕೆಂದು ಹೇಳುವುದೂ ಅವರೇ, ಯಾವಾಗ ಉಜ್ಜಬೇಕೆಂದು ಕೂಗುವುದೂ ಅವರೇ, ಸಾಮಾನ್ಯವಾಗಿ ಕೊನೆಯ ಕಲ್ಲು ಬಿಡುವುದೂ ಅವರೇ. ಬೇಸ್‌ಬಾಲ್ ಲೀಗ್ ಒಂದು ಬೇಸಿಗೆ ಸಹಿಸಿ ನಿಷೇಧಿಸಿದ ಏರ್ಪಾಡು, ಅಂದರೆ ಆಡುವವಳೇ ಆಡಿಸುವುದು, ಇಲ್ಲಿ ಆಟದ ಕಟ್ಟಳೆಯೇ ಆಗಿದೆ. ಹೆಂಗಸರ ತಂಡಕ್ಕೆ ಹೆಂಗಸೇ ಸ್ಕಿಪ್. ಬೇರೆ ದಾರಿಯೇ ಇಲ್ಲ.

ಸಸ್ಕಾಚೆವಾನ್‌ನ ಎಷ್ಟೋ ಚೆಂಡಾಟದ ಹೆಣ್ಣುಮಕ್ಕಳು ಇದನ್ನು ಕಂಡುಕೊಂಡಿದ್ದರು. 1943ರಲ್ಲಿ ಬೇಕರ್ ಜೊತೆಗೇ ಲೀಗ್ ಸೇರಿದ ಪಿಚರ್ ಮುರಿಯಲ್ ಕೋಬೆನ್ ಮನೆಗೆ ಮರಳಿ ಪಶ್ಚಿಮ ಕೆನಡಾದ ಕರ್ಲಿಂಗ್ ಚಾಂಪಿಯನ್ ಆದರು. 1961ರಲ್ಲಿ ಮಹಿಳೆಯರ ರಾಷ್ಟ್ರೀಯ ಚಾಂಪಿಯನ್‌ಷಿಪ್ ಶುರುವಾದಾಗ ಗೆದ್ದದ್ದು ಸಸ್ಕಾಟೂನ್‌ನ ಜಾಯ್ಸ್ ಮಕೀ ತಂಡ. ಮಕೀ ಸಾಫ್ಟ್‌ಬಾಲ್‌ನಲ್ಲೂ ಹೆಸರಾದವರು. ಆ ತಂಡದಲ್ಲಿದ್ದ ಸಿಲ್ವಿಯಾ ಫೆಡೊರುಕ್ ವೃತ್ತಿಯಿಂದ ಭೌತವಿಜ್ಞಾನಿ, ಕ್ಯಾನ್ಸರಿಗೆ ಕೋಬಾಲ್ಟ್-60 ಚಿಕಿತ್ಸೆ ರೂಪಿಸಿದವರಲ್ಲಿ ಒಬ್ಬರು, ಮುಂದೆ ಪ್ರಾಂತ್ಯದ ಲೆಫ್ಟಿನೆಂಟ್ ಗವರ್ನರ್. ಇವರೆಲ್ಲರ ಕತೆ ಬೇರೆ ಬೇರೆ ಬರೆಯಬೇಕಾದವು.

ಬೇಕರ್ 2003ರ ಡಿಸೆಂಬರ್‌ನಲ್ಲಿ ರೆಜೈನಾದಲ್ಲೇ ತೀರಿಕೊಂಡರು. ಅದಕ್ಕೆ ಐದು ವರ್ಷ ಮುಂಚೆ, 1998ರಲ್ಲಿ, ಲೀಗ್‌ನಲ್ಲಿ ಆಡಿದ ಕೆನಡಾದ ಎಲ್ಲ ಮಹಿಳೆಯರನ್ನೂ ಕೆನಡಾದ ಬೇಸ್‌ಬಾಲ್ ಹಾಲ್ ಆಫ್ ಫೇಮ್ ಒಟ್ಟಿಗೆ ಸೇರಿಸಿಕೊಂಡಿತ್ತು. ಅವರ ಪರಿಚಯ ಬರೆಯುವವರು ಈಗಲೂ 36-73 ಎಂಬ ಅಂಕಿಯನ್ನು ತಪ್ಪದೆ ಹಾಕುತ್ತಾರೆ. ಮ್ಯಾನೇಜರ್ ಆಗಿ ಅವರ ಕೆಲಸ ಅಳೆಯುವುದೇ ಆದರೆ ಕಲಮಜೂನ ಕೆಲವು ತಿಂಗಳಿನ ಜೊತೆ ವೀಟ್ ಸಿಟಿಯ 25 ಚಳಿಗಾಲವನ್ನೂ ತಕ್ಕಡಿಗೆ ಹಾಕಬೇಕು. ಯಾವ ಕ್ಲಬ್ಬಿನ ಸದಸ್ಯರೂ ಕೆಲಸ ಬಾರದ ಮ್ಯಾನೇಜರನ್ನು ಅಷ್ಟು ವರ್ಷ ಇಟ್ಟುಕೊಳ್ಳುವುದಿಲ್ಲ, ಕರ್ಲಿಂಗ್ ಮಂದಿಯಂತೂ ಮಂಜು ಒಂದು ಸಂಜೆ ನಿಧಾನವಾದರೆ ಸುಮ್ಮನಿರುವವರಲ್ಲ.